ಅಪ್ಪನ ಸಂಪು, ನನ್ನ ನಲ್ಲಿ

ಒಂದು ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದು ಇಂಟರ್‌ನೆಟ್ ಮಾತ್ರ ಒಂದೇ ಇದ್ದರೆ, ಆ ಮನೆಯವರು ನಗುವುದಕ್ಕೆ ನಾಟಕ ನೋಡಲು ಹೋಗಬೇಕಾಗಿಲ್ಲ. ಕುವೆಂಪುನಗರದ ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ವಾರಕ್ಕೊಂದು ಏನಾದರೂ ನಡೆಯುತ್ತಲೇ ಇತ್ತು. ಆಗ ನನಗೆ ಅಳು ಬರುತ್ತಿತ್ತು. ಈಗ ಬಸ್ಸಿನಲ್ಲಿ ಕೂತಿದ್ದಾಗ ನೆನಪಾಗಿ ನಗು ಬಂದು, ಪಕ್ಕದವರು ಸ್ವಲ್ಪ ಸರಿದು ಕೂರುತ್ತಾರೆ.

ಮೊದಲು ನನ್ನ ಕೆಲಸದ ವಿಷಯ ಹೇಳಿಬಿಡುತ್ತೇನೆ. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ, ಟೈಪ್ ಮಾಡಿ, ಇಂಟರ್‌ನೆಟ್ಟಿನಲ್ಲಿ ಕಳಿಸುವುದು. ಆಫೀಸು ವಿಜಯನಗರದಲ್ಲಿತ್ತು. ಅಲ್ಲಿ ಕೆಲಸ ಕಷ್ಟವಿರಲಿಲ್ಲ, ಊಟದ ಹೊತ್ತು ಕಷ್ಟವಾಗಿತ್ತು. ಎಲ್ಲರೂ ಡಬ್ಬಿ ಬಿಚ್ಚಿಕೊಂಡು ದುಂಡಗೆ ಕೂತು, "ನೀವ್ಯಾಕ್ರೀ ಮಾತೇ ಆಡಲ್ಲ?" ಎಂದು ಕೇಳುತ್ತಿದ್ದರು. ಅದಕ್ಕೆ ಉತ್ತರ ಹೇಳಬೇಕೆಂದರೂ ಮಾತಾಡಬೇಕಲ್ಲ! ಯಾರದಾದರೂ ಹುಟ್ಟುಹಬ್ಬ ಬಂದರಂತೂ ಪ್ರತಿಯೊಬ್ಬರೂ ಎದ್ದು ನಿಂತು ಒಂದು ಹಾಡು ಹೇಳಬೇಕಿತ್ತು. ನನ್ನ ಅವಸ್ಥೆ ನೋಡಲಾಗದೆ ನಮ್ಮ ಮೇಲಧಿಕಾರಿ ಮೇಡಂ ಒಂದು ದಿನ ಕರೆದು, "ಮನೆಯಿಂದಲೇ ಮಾಡಿ ನೋಡಿ. ಆದರೆ ಫೈಲು ಹೊತ್ತಿಗೆ ಸರಿಯಾಗಿ ಬರಬೇಕು. ಬರದೇ ಹೋದ್ರೆ ಮತ್ತೆ ಇಲ್ಲಿಗೇ ಬರಬೇಕಾಗುತ್ತೆ" ಎಂದರು.

ಅಂದರೆ, ಫೈಲು ತಡವಾದರೆ ನಾನು ಹಾಡಬೇಕು. ಮುಂದಿನದನ್ನೆಲ್ಲ ಇದೊಂದನ್ನು ನೆನಪಿಟ್ಟುಕೊಂಡು ಓದಿ.

ಸಂಪು

ಅಪ್ಪನ ಕಂಪ್ಯೂಟರು ಹಾಲಿನಲ್ಲಿ, ನನ್ನದು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ. ಕನೆಕ್ಷನ್ ಕೊಡಲು ಬಂದವರು ಹೊರಗಿನ ತಂತಿಯನ್ನು ಅಪ್ಪನದಕ್ಕೆ ಸಿಕ್ಕಿಸಿ, ಅಲ್ಲಿಂದ ಇನ್ನೊಂದು ತಂತಿ ಎಳೆದು ನನ್ನದಕ್ಕೆ ತಂದರು. "ಸಾರ್, ನಿಮ್ಮ ಕಂಪ್ಯೂಟರ್ ಆನ್ ಇದ್ರೇನೇ ಮೇಡಂದು ಬರೋದು. ಇದು ಆಫ್ ಆದ್ರೆ ಅಲ್ಲಿ ಏನೂ ಇಲ್ಲ" ಎಂದು ವಿವರಿಸಿದರು.

ಅಪ್ಪನಿಗೆ ತಕ್ಷಣ ಅರ್ಥವಾಯಿತು. "ನಂದು ಸಂಪು, ಅವಳದು ನಲ್ಲಿ" ಎಂದರು.

"ಕರೆಕ್ಟ್ ಸಾರ್."

ಅಪ್ಪ ಕರೆಂಟ್ ಆಫೀಸಿನಿಂದ ನಿವೃತ್ತರಾದವರು. ಅಧಿಕಾರ ಹೋದ ಮೇಲೆ ಸ್ವಲ್ಪ ಮಂಕಾಗಿದ್ದರು. ಆವತ್ತಿನಿಂದ ಮತ್ತೆ ಎದೆ ಸೆಟೆಸಿ ಓಡಾಡತೊಡಗಿದರು. ಅವರು ಆ ಸಂಪಿನಿಂದ ಮಾಡುತ್ತಿದ್ದದ್ದು ಒಂದೇ ಕೆಲಸ, ಬೆಳಗ್ಗೆ ಕನ್ನಂಬಾಡಿ ಕಟ್ಟೆಯಲ್ಲಿ ನೀರು ಎಷ್ಟಿದೆ ಎಂದು ನೋಡುವುದು. "ಪೇಪರಲ್ಲೇ ಬರುತ್ತಲ್ರೀ" ಎಂದು ಅಮ್ಮ ಅಂದರೆ, "ಪೇಪರಿಂದು ನಿನ್ನೆಯ ನೀರು ಕಣೇ. ನಾನು ನೋಡೋದು ಇವತ್ತಿನ ನೀರು" ಎನ್ನುತ್ತಿದ್ದರು.

ನೋಡಿದೆ

ಕರೆಂಟ್ ಆಫೀಸಿನಲ್ಲಿ ಜೀವಮಾನ ಕಳೆದವರಿಗೆ ಆನ್ ಇರುವ ಸ್ವಿಚ್ಚನ್ನು ಹಾಗೇ ಬಿಟ್ಟು ಹೋಗಲು ಆಗುವುದಿಲ್ಲ. ಅಪ್ಪ ಕಟ್ಟೆಯ ನೀರು ನೋಡಿ ಎದ್ದರೆ, ಕೈ ತಾನಾಗಿಯೇ ಗೋಡೆಗೆ ಹೋಗಿ ಟಕ್ ಎನ್ನಿಸುತ್ತಿತ್ತು. ಒಳಗೆ ನನ್ನ ಫೈಲು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು.

ಕೂಗಿ ಹೇಳಬಹುದಿತ್ತು. ಆದರೆ ಕೂಗುವುದು ನನ್ನಿಂದಾಗದ ಕೆಲಸ. ಹಾಲಿಗೆ ಬಂದು ಅಪ್ಪನ ಹಿಂದೆ ನಿಲ್ಲುತ್ತಿದ್ದೆ. ಅವರು ತಿರುಗಿ, "ಏನಮ್ಮಾ, ಕಾಫಿನಾ?" ಎನ್ನುತ್ತಿದ್ದರು. ನಾನು ಹೂಂ ಅಂದುಬಿಡುತ್ತಿದ್ದೆ. ಆ ತಿಂಗಳು ಬಹಳ ಕಾಫಿ ಕುಡಿದೆ.

ಕೊನೆಗೆ ಧೈರ್ಯ ಮಾಡಿ, ‘ದಯವಿಟ್ಟು ಈ ಸ್ವಿಚ್ ಆರಿಸಬೇಡಿ’ ಎಂದು ಚೀಟಿ ಬರೆದು ಸ್ವಿಚ್ಚಿನ ಮೇಲ್ಗಡೆ ಅಂಟಿಸಿದೆ. ನನ್ನ ಕನ್ನಡ ಅಕ್ಷರ ಒಂದನೇ ಕ್ಲಾಸಿನ ಮಗುವಿನ ಹಾಗಿದೆ, ಆದರೂ ಓದಲು ಬರುತ್ತದೆ. ಅರ್ಧ ಗಂಟೆಯಲ್ಲೇ ನೆಟ್ ಹೋಯಿತು. ಬಂದು ನೋಡಿದೆ. ಅಪ್ಪ ಚೀಟಿಯನ್ನು ಪೂರ್ತಿ ಓದಿದ್ದರು. ‘ದಯವಿಟ್ಟು’ವಿನ ಒತ್ತಕ್ಷರ ತಿದ್ದಿದ್ದರು. ಕೆಳಗೆ ‘ನೋಡಿದೆ’ ಎಂದು ಬರೆದು, ಸಣ್ಣ ಸಹಿ ಹಾಕಿ, ತಾರೀಕು ನಮೂದಿಸಿ, ಸ್ವಿಚ್ ಆರಿಸಿ, ಸೊಪ್ಪು ತರಲು ಹೋಗಿದ್ದರು.

ಅಮ್ಮನ ಬಾಡಿಗೆ

ನನ್ನ ಕೋಣೆಗೆ ಬರುವ ತಂತಿ ಅಡುಗೆಮನೆಯನ್ನು ಈ ಗೋಡೆಯಿಂದ ಆ ಗೋಡೆಗೆ ದಾಟಿಕೊಂಡು ಬರಬೇಕಿತ್ತು. ಮೊದಲ ವಾರ ಅಮ್ಮ ಅದನ್ನು ತಲೆಯೆತ್ತಿ ನೋಡುತ್ತಿದ್ದರು, ಅಷ್ಟೆ. ಎರಡನೇ ವಾರ ಅದರ ಮೇಲೆ ಒಂದು ಒರೆಸುವ ಬಟ್ಟೆ ಬಂತು. ಆಮೇಲೆ ಕಾಫಿ ಸೋಸುವ ಬಟ್ಟೆ. ಒಂದು ಮೋಡದ ದಿನ ಅಪ್ಪನ ಒದ್ದೆ ಪಂಚೆಯನ್ನೇ ಇಳಿಬಿಟ್ಟರು. ತಂತಿ ಜೋತು, ನನ್ನ ಕಂಪ್ಯೂಟರಿನಿಂದ ಕಿತ್ತು ಬಂದು, ಸಾರಿನ ಪಾತ್ರೆಯ ಪಕ್ಕ ನೇತಾಡುತ್ತಿತ್ತು. ಫೈಲು ಮತ್ತೆ ತಡವಾಯಿತು.

ಅಪ್ಪ ಸಂಪಿನ ಯಜಮಾನರಾಗಿ ವಿಚಾರಣೆಗೆ ಬಂದರು. "ಏನೇ ಇದು? ಇದರೊಳಗೆ ಇಂಟರ್‌ನೆಟ್ ಹೋಗ್ತಿದೆ!"

"ಹೋಗ್ಲಿ, ನಾನೇನು ಬೇಡ ಅಂದ್ನಾ? ಅದು ಒಳಗೆ ಹೋಗುತ್ತೆ, ಬಟ್ಟೆ ಹೊರಗೆ ಒಣಗುತ್ತೆ. ನನ್ನ ಅಡುಗೆಮನೇಲಿ ಜಾಗ ಕೊಟ್ಟಿದೀನಿ, ಬಾಡಿಗೆ ಅಂತ ಅಷ್ಟೂ ಬೇಡ್ವಾ?"

ಅಮ್ಮನಿಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂದಲ್ಲ. ಮರುದಿನದಿಂದ ಬಟ್ಟೆ ಹಾಕುವ ಮುಂಚೆ ನನ್ನ ಕೋಣೆಗೆ ಇಣುಕಿ ಮೆತ್ತಗೆ ಕೇಳುತ್ತಿದ್ದರು. "ಪುಟ್ಟಿ, ಇವತ್ತು ಕಳಿಸೋ ಫೈಲು ದೊಡ್ಡದಾ, ಚಿಕ್ಕದಾ? ಚಿಕ್ಕದಾದ್ರೆ ಟವಲ್ ಒಂದು ಹಾಕ್ಕೋತೀನಿ."

ಗಂಟೆ

ನನ್ನ ಪರವಾಗಿ ಮಾತಾಡಿದ್ದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಆಂಟಿ. ಅವರು ಚರ್ಚಿನ ಗಾಯಕರ ಗುಂಪಿಗೆ ಹಾಡು ಕಲಿಸುವವರು. ಅವರು ಮೆಟ್ಟಿಲ ಮೇಲೆ ನಿಂತು ಮಾತಾಡಿದರೆ ಮೂಲೆಯ ಅಂಗಡಿಗೆ ಕೇಳುತ್ತದೆ. "ಸರ್, ಆ ಹುಡುಗಿ ಬಾಯಿ ಬಿಟ್ಟು ಹೇಳಲ್ಲ. ನೀವು ಆಫ್ ಮಾಡೋ ಮುಂಚೆ ಒಂದು ಸೌಂಡ್ ಆದ್ರೂ ಕೊಡಿ ಪಾಪ" ಎಂದರು.

ಅಪ್ಪನಿಗೆ ಆಫೀಸಿನ ಮೇಜಿನ ಮೇಲಿದ್ದ ಗಂಟೆ ನೆನಪಾಯಿತು. ಮನೆಯಲ್ಲಿದ್ದದ್ದು ದೇವರ ಗಂಟೆ. ಅದನ್ನೇ ತಂದು ಕಂಪ್ಯೂಟರಿನ ಪಕ್ಕ ಇಟ್ಟುಕೊಂಡರು. ಆರಿಸುವ ಮುಂಚೆ ಬಾರಿಸುವುದು, ನಾನು ಬಂದು ತಲೆಯಾಡಿಸಿದರೆ ಆರಿಸುವುದು ಎಂದು ಏರ್ಪಾಡಾಯಿತು.

ಮರುದಿನ ಬೆಳಗ್ಗೆ ಅಪ್ಪ ಗಂಟೆ ಬಾರಿಸಿದರು. ನಾನು ಹೆಡ್‌ಫೋನ್ ಹಾಕಿಕೊಂಡು ಯಾರದೋ ಮಂಡಿ ಆಪರೇಷನ್ ಟೈಪ್ ಮಾಡುತ್ತಿದ್ದೆ, ಕೇಳಲೇ ಇಲ್ಲ. ಕೇಳಿದ್ದು ಹಿತ್ತಲಲ್ಲಿದ್ದ ಅಜ್ಜಿಗೆ, ಅಪ್ಪನ ತಾಯಿಗೆ. ಮಂಗಳಾರತಿ ಅಂದುಕೊಂಡು ಸೆರಗು ತಲೆಗೆ ಹೊದ್ದು ಓಡಿ ಬಂದರು. ಹಾಲಿನಲ್ಲಿ ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ಬಿಟ್ಟರೆ ಎದುರಿಗೆ ಕಂಪ್ಯೂಟರು, ಪರದೆಯ ಮೇಲೆ ಕನ್ನಂಬಾಡಿ ಕಟ್ಟೆ.

"ತುಂಬ್ತಾ ಮಗಾ?" ಎಂದರು ಅಜ್ಜಿ, ಮುಗಿದ ಕೈ ಬಿಡದೆ.

"ತುಂಬ್ತಾ ಇದೆ ಅವ್ವಾ."

"ಒಳ್ಳೇದಾಯ್ತು ಬುಡು."

ಅಷ್ಟರಲ್ಲಿ ಮಹಡಿ ಆಂಟಿ ಒಂದು ಬಟ್ಟಲು ಹಿಡಿದುಕೊಂಡು ಇಳಿದು ಬಂದರು. ನಮ್ಮ ಮನೆಯಲ್ಲಿ ಗಂಟೆಯಾದರೆ ಕೋಸಂಬರಿ ಇರುತ್ತದೆ ಎಂಬುದು ಅವರ ವರ್ಷಗಳ ಅನುಭವ. ಗಂಟೆಯ ಏರ್ಪಾಡು ಒಂದು ವಾರ ನಡೆಯಿತು. ನನ್ನ ಫೈಲುಗಳಿಗೆ ಏನೂ ಪ್ರಯೋಜನವಾಗಲಿಲ್ಲ. ಅಮ್ಮ ಮಾತ್ರ ದಿನಾ ಹೆಸರುಬೇಳೆ ನೆನೆಹಾಕಬೇಕಾಯಿತು.

ಇಂಗ್ಲಿಷಿನಲ್ಲಿ ಜಗಳ

ಮೇಡಂ ಫೋನ್ ಮಾಡಿದರು. "ಇನ್ನೊಂದು ಫೈಲು ತಡವಾದ್ರೆ ಸೋಮವಾರದಿಂದ ಇಲ್ಲೇ ಬಂದುಬಿಡಿ."

ಅವತ್ತು ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದು ಇಂಗ್ಲಿಷಿನಲ್ಲಿ. ಕಾನ್ವೆಂಟಿನಲ್ಲಿ ಕಲಿತದ್ದು ಅದೇ ಭಾಷೆಯಲ್ಲಿ ತಾನೆ. ಅಪ್ಪನ ಮುಂದೆ ನಿಂತು, ಸ್ವಿಚ್ಚಿನ ಬಗ್ಗೆ, ಜವಾಬ್ದಾರಿಯ ಬಗ್ಗೆ, ಬೇರೆಯವರ ಕೆಲಸಕ್ಕೆ ಕೊಡಬೇಕಾದ ಬೆಲೆಯ ಬಗ್ಗೆ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಪ್ಪನ ಮುಖ ಅರಳಿತು. ಅಡುಗೆಮನೆಯ ಕಡೆ ತಿರುಗಿ, "ಕೇಳಿಸ್ಕೊಂಡ್ಯೇನೇ? ಎಲ್ಲೂ ತಡವರಿಸಲೇ ಇಲ್ಲ! ಫೀಸು ಕಟ್ಟಿದ್ದು ಸಾರ್ಥಕ ಆಯ್ತು ಕಣೇ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹೇಳಮ್ಮ, ನಿಮ್ಮಮ್ಮ ಕೇಳ್ಲಿ."

ಒಂದು ರೌಂಡ್

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಈಳಿಗೆಮಣೆಯಿಂದ ಹಿಡಿದು ಅಪ್ಪನ ಹಳೆಯ ಟೆಸ್ಟರಿನ ತನಕ ಎಲ್ಲಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಪೂಜೆಗಿಟ್ಟ ವಸ್ತುವನ್ನು ಮರುದಿನ ಬೆಳಗ್ಗೆಯ ತನಕ ಯಾರೂ ಮುಟ್ಟುವ ಹಾಗಿಲ್ಲ. ಅಮ್ಮ ತರಕಾರಿಯನ್ನು ಕೂಡ ಹಿಂದಿನ ದಿನವೇ ಹೆಚ್ಚಿಟ್ಟಿರುತ್ತಾರೆ.

ಅಮೆರಿಕದ ಡಾಕ್ಟರಿಗೆ ದಸರಾ ರಜೆ ಇಲ್ಲವೆಂದು ನನಗೆ ಗೊತ್ತಿತ್ತು. ಹಾಗಾಗಿ ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಂದಾಗ ಕೋಣೆಯ ಬಾಗಿಲು ಹಾಕಿಕೊಂಡು, ನನ್ನ ಕಂಪ್ಯೂಟರಿಗೆ ಪೂಜೆಯಾಗದಂತೆ ನೋಡಿಕೊಂಡೆ. ಬಹಳ ಜಾಣತನ ಮಾಡಿದೆ ಎಂದು ಹೆಮ್ಮೆಯಾಯಿತು. ಹಿಂದಿನ ದಿನವೇ ಬಂದಿದ್ದ ರೆಕಾರ್ಡನ್ನು ಟೈಪ್ ಮಾಡಿ ಮುಗಿಸಿ, ಮಧ್ಯಾಹ್ನದ ಗಡುವಿಗೆ ಇನ್ನೂ ಹೊತ್ತಿರುವಾಗಲೇ ಕಳಿಸಲು ಒತ್ತಿದೆ. ಹೋಗಲಿಲ್ಲ.

ಹಾಲಿಗೆ ಬಂದು ನೋಡಿದರೆ ಸಂಪಿಗೆ ಹಾರ ಹಾಕಿತ್ತು.

ಪರದೆ ಕಪ್ಪಗೆ, ಅದರ ಹಣೆಗೆ ವಿಭೂತಿ. ಪಕ್ಕದ ಸ್ವಿಚ್ ಬೋರ್ಡಿನ ಮೇಲೂ ಅಪ್ಪ ಮೂರು ಬೆರಳಿನಲ್ಲಿ ಅಚ್ಚುಕಟ್ಟಾಗಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟಿದ್ದರು. ಕರೆಂಟ್ ಆಫೀಸಿನವರಿಗೆ ಅದೇ ಅಲ್ಲವೇ ಆಯುಧ.

"ಅಪ್ಪಾ, ಸ್ವಿಚ್ಚು..."

"ಇವತ್ತು ಮುಟ್ಟೋ ಹಾಗಿಲ್ಲ ಕಣಮ್ಮ. ನಾಳೆ ಬೆಳಗ್ಗೆ."

ನನ್ನ ಕಣ್ಣಲ್ಲಿ ನೀರು ಬಂತು. ಈ ಸಲ ಇಂಗ್ಲಿಷೂ ಬರಲಿಲ್ಲ. ಅಜ್ಜಿ ಎಲೆಯಡಿಕೆ ಮಡಿಸುವುದನ್ನು ನಿಲ್ಲಿಸಿ, "ಮಗೀಗೆ ಏನಂತೆ?" ಎಂದರು.

"ಇವತ್ತು ಕಾಗದ ಹೋಗದಿದ್ರೆ ವಿಜಯನಗರಕ್ಕೆ ಹೋಗಿ ಹಾಡಬೇಕಂತೆ ಅತ್ತೆ" ಎಂದರು ಅಮ್ಮ.

ಅಜ್ಜಿ ಅಪ್ಪನ ಕಡೆ ತಿರುಗಿದರು. "ಅಲ್ಲ ಕಣೋ, ಬೆಳಗ್ಗೆ ಸ್ಕೂಟ್ರಿಗೆ ಪೂಜೆ ಮಾಡ್ದಲ್ಲ, ಆಮೇಲೆ ನಿಂಬೇಹಣ್ಣಿನ ಮೇಲೆ ಅತ್ತಿಸಿ ಒಂದು ರೌಂಡ್ ಓಗಿ ಬರ್ಲಿಲ್ವಾ?"

"ಅದು ಗಾಡಿ ಅವ್ವಾ. ಒಂದು ರೌಂಡ್ ಹೋಗಿ ಬರೋದು ಶಾಸ್ತ್ರ."

"ಇದೂ ಅಂಗೇ ಒಂದು ರೌಂಡ್ ಓಗಿ ಬರ್ಲಿ. ಎಲ್ಲಿಗೋ ಓಯ್ತದಲ್ಲ ಇದು, ಅಮೆರಿಕಾಕ್ಕೆ. ಓಗಿ ಬಂದು ನಿಂತ್ಕಳ್ಲಿ."

ಪೂಜೆಯ ಕಡ್ಲೆಪುರಿ ಇಸಿದುಕೊಳ್ಳಲು ಬಟ್ಟಲು ಹಿಡಿದು ಬಂದಿದ್ದ ಮಹಡಿ ಆಂಟಿ ಬಾಗಿಲಲ್ಲೇ ನಿಂತು, "ಹೌದು ಸರ್! ನಮ್ಮ ಫಾದರ್ ಕೂಡ ಗಾಡಿಗೆ ಪ್ರಾರ್ಥನೆ ಮಾಡಿದ ಮೇಲೆ ಓಡಿಸಿಕೊಂಡೇ ಹೋಗಿ ಅಂತಾರೆ" ಎಂದರು.

ಎರಡು ಧರ್ಮದವರು ಒಪ್ಪಿದ ಮೇಲೆ ಅಪ್ಪ ಏನು ಮಾಡಿಯಾರು? ಸ್ವಿಚ್ಚಿಗೆ ಕೈಮುಗಿದು ಹಾಕಿದರು. ಆದರೆ ಶಾಸ್ತ್ರ ಪೂರ್ತಿ ಆಗಬೇಕಲ್ಲ. ನಿಂಬೆಹಣ್ಣು ತಂದರು. "ಚಕ್ರ ಎಲ್ಲಿದೆ ಇದಕ್ಕೆ?" ಎಂದು ಕಂಪ್ಯೂಟರಿನ ಸುತ್ತ ಹುಡುಕಿದರು. ಕೊನೆಗೆ ಮೌಸನ್ನು ಮಗುಚಿ ನೋಡಿದರು. ಆ ಕಾಲದ ಮೌಸು, ಹೊಟ್ಟೆಯೊಳಗೆ ಒಂದು ಗುಂಡು ಉರುಳುತ್ತಿತ್ತು. "ಇಲ್ಲಿದೆ!" ಎಂದವರೇ ಹಣ್ಣನ್ನು ಅದರಡಿ ಇಟ್ಟು ಅಂಗೈಯಿಂದ ಒತ್ತಿಬಿಟ್ಟರು.

ರಸವೆಲ್ಲ ಮೌಸಿನೊಳಗೆ ಹೋಯಿತು. ಬಾಣದ ಗುರುತು ಪರದೆಯ ಮೂಲೆಗೆ ಹೋಗಿ ಕೂತದ್ದು ಮತ್ತೆ ಅಲ್ಲಾಡಲಿಲ್ಲ. ಆದರೆ ಸಂಪು ಆನ್ ಆಗಿತ್ತು. ನಾನು ಒಳಗೆ ಓಡಿ ಮತ್ತೆ ಒತ್ತಿದೆ. ಮನೆಯವರೆಲ್ಲ ನನ್ನ ಬೆನ್ನ ಹಿಂದೆ ನಿಂತರು.

"ಎಲ್ಲಿತನಕ ಹೋಯ್ತು?" ಅಪ್ಪ ಕೇಳಿದರು.

"ಅರ್ಧ."

"ಸಮುದ್ರದ ಮೇಲಿದೆ" ಎಂದು ಅಮ್ಮನಿಗೆ ವಿವರಿಸಿದರು. ಅಮ್ಮ ಮೆತ್ತಗೆ ಹೋಗಿ ತಂತಿಯ ಮೇಲಿದ್ದ ಟವಲ್ ತೆಗೆದರು.

ಹೋಯಿತು. ಸ್ವಲ್ಪ ಹೊತ್ತಿಗೆ ಮೇಡಂ ಉತ್ತರವೂ ಬಂತು. ಹಬ್ಬದ ದಿನವೂ ಹೊತ್ತಿಗೆ ಸರಿಯಾಗಿ ಕಳಿಸಿದ್ದೀರಿ, ಇನ್ನು ಮನೆಯಿಂದಲೇ ಮುಂದುವರಿಸಿ ಎಂದು. ನಾನು ಓದಿ ಹೇಳಿದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅಪ್ಪನೇ. ತಟ್ಟಿದವರು ಹಾಗೇ ಹಾಲಿಗೆ ನಡೆದು, "ಸರಿ, ರೌಂಡ್ ಮುಗೀತು" ಎಂದು ಸ್ವಿಚ್ಚಿಗೆ ಕೈ ಚಾಚಿದರು.

"ಮುಟ್ಬೇಡ!" ಎಂದರು ಅಜ್ಜಿ. "ರೌಂಡ್ ಓಗಿ ಬಂದ್ಮೇಲೆ ಸ್ಕೂಟ್ರು ಮುಟ್ಟಿದ್ಯಾ? ಪೂಜೆ ಮಾಡಿರೋ ಸ್ವಿಚ್ಚು ಕಣೋ ಅದು. ಇನ್ನು ನಾಳೆ ಬೆಳಗ್ಗೇನೇ."

ಅಪ್ಪನ ಜೀವಮಾನದಲ್ಲಿ ಒಂದು ಸ್ವಿಚ್ಚು ಸುಮ್ಮನೆ ಆನ್ ಆಗಿ ಉಳಿದದ್ದು ಅದೇ ಮೊದಲು. ಸಂಜೆಯ ತನಕ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅದರ ಮುಂದೆ ಓಡಾಡಿದರು. ನಾನು ಮಾತ್ರ ಒಳಗೆ ಕೂತು, ನೆಟ್ ಹೋಗುವ ಭಯವಿಲ್ಲದೆ, ಇನ್ನೂ ಒಂದಷ್ಟು ಕೆಲಸ ಮುಗಿಸಿದೆ. ಮುಗಿಸುತ್ತ ಒಂದು ಯೋಚನೆ ಬಂತು.

ಹಬ್ಬವೆಲ್ಲ ಮುಗಿದು, ಹಾರ ತೆಗೆದು, ಹೊಸ ಮೌಸು ಬಂದ ಮೇಲಿನ ಮೊದಲ ಬೆಳಗ್ಗೆ ನಾನು ಎಲ್ಲರಿಗಿಂತ ಮುಂಚೆ ಎದ್ದೆ. ಸ್ನಾನ ಮಾಡಿದೆ. ಅಪ್ಪನ ಕಂಪ್ಯೂಟರನ್ನು ಆನ್ ಮಾಡಿದೆ. ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಸ್ವಿಚ್ಚಿನ ಮೇಲೆ ಎಳೆದು, ನಡುವೆ ಕುಂಕುಮ ಇಟ್ಟು, ಒಂದು ಹೂವು ಸಿಕ್ಕಿಸಿದೆ. ಮರುದಿನವೂ. ಅದರ ಮರುದಿನವೂ.

"ನೋಡೋ ಮಗಾ, ಕಾನ್ವೆಂಟಲ್ಲಿ ಓದಿದ್ರೂ ಎಂಥಾ ಭಕ್ತಿ ಐತೆ ಮಗೀಗೆ!" ಎಂದರು ಅಜ್ಜಿ.

ಅಪ್ಪ ಕಟ್ಟೆಯ ನೀರು ನೋಡಿ ಎದ್ದರು. ಕೈ ಗೋಡೆಯ ಕಡೆ ಹೊರಟು ಅರ್ಧ ದಾರಿಯಲ್ಲಿ ನಿಂತಿತು. ಸ್ವಿಚ್ಚನ್ನು ನೋಡಿದರು. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ನನ್ನನ್ನು ನೋಡಿದರು. ಸ್ವಿಚ್ಚಿಗೆ ಕೈಮುಗಿದು, ಕುಂಕುಮ ತೆಗೆದು ಹಣೆಗಿಟ್ಟುಕೊಂಡು, ಸೊಪ್ಪು ತರಲು ಹೊರಟರು.