ಅಧ್ಯಕ್ಷರ ತಲೆಯೇರಿದ ಪೇಟ

ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ಕನ್ನಡ ಬಳಗಕ್ಕೆ ಇದ್ದದ್ದು ಒಂದೇ ಒಂದು ಮೈಸೂರು ಪೇಟ. ಯಾರಿಗೆ ಸನ್ಮಾನವಾದರೂ ಅದೇ ಪೇಟ ತಲೆಯೇರುತ್ತಿತ್ತು, ಫೋಟೋ ಆಗುತ್ತಿತ್ತು, ಚಪ್ಪಾಳೆಯ ಗದ್ದಲದಲ್ಲಿ ಸದ್ದಿಲ್ಲದೆ ಇಳಿದು ಡಬ್ಬಿ ಸೇರುತ್ತಿತ್ತು. ಅತಿಥಿಗಳ ಪಾಲಿಗೆ ಉಳಿಯುತ್ತಿದ್ದದ್ದು ಶಾಲು ಮತ್ತು ಹಣ್ಣು. ಇಡುವ, ಇಳಿಸುವ ಎರಡೂ ಕೆಲಸ ಗಣಿತದ ಮೇಷ್ಟ್ರು ನರಸಿಂಹಯ್ಯನವರದು. ಅವರ ಕೈ ಎಷ್ಟು ಪಳಗಿತ್ತೆಂದರೆ, ಎಷ್ಟೋ ಜನಕ್ಕೆ ತಲೆ ಬರಿದಾದದ್ದು ಮನೆಗೆ ಹೋಗಿ ಕನ್ನಡಿ ನೋಡಿಕೊಂಡಾಗಲೇ ತಿಳಿಯುತ್ತಿತ್ತು.

ಎಡವಟ್ಟಾದದ್ದು ಈ ಪಳಗಿದ ಕೈಯಿಂದಲೇ. ಹಿಂದೊಮ್ಮೆ ಆ ದೇಶದ ಅಧ್ಯಕ್ಷರು ಮೇಷ್ಟ್ರ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಾಗ, ಬಳಗದ ಪರವಾಗಿ ಪೇಟ ತೊಡಿಸಿದವರು ನರಸಿಂಹಯ್ಯ. ಫೋಟೋ ಆಯಿತು, ಚಪ್ಪಾಳೆ ಬಿತ್ತು, ಕೈ ಅಭ್ಯಾಸಬಲದಿಂದ ಮೇಲೆ ಹೋಗಿ ಪೇಟವನ್ನು ಇಳಿಸಿಯೇಬಿಟ್ಟಿತು. ಅಧ್ಯಕ್ಷರು ನಕ್ಕು ಕಾರು ಹತ್ತಿದರು. ಒಂದು ದೇಶದ ಅಧ್ಯಕ್ಷರಿಗೆ ಕೊಟ್ಟದ್ದನ್ನು ಕಿತ್ತುಕೊಂಡು ಬಂದೆ ಎಂದು ಯಾವ ಬಾಯಲ್ಲಿ ಹೇಳುವುದು?

"ಪೇಟ ಅವರಿಗೆ ಎಷ್ಟು ಹಿಡಿಸ್ತು ಅಂದ್ರೆ, ಹಾಕ್ಕೊಂಡೇ ಹೊರಟ್ಹೋದ್ರು ಕಣ್ರೀ" ಎಂದುಬಿಟ್ಟರು. ಮುಂದಿನ ರಜೆಗೆ ಮೈಸೂರಿಗೆ ಹೋಗಿ ಬಂದವರು, "ಬಳಗಕ್ಕೆ ಸ್ವಂತ ಖರ್ಚಲ್ಲಿ ಹೊಸದು ತಂದೆ" ಎಂದು ಅದೇ ಪೇಟವನ್ನು ಹೊರತೆಗೆದರು. ಅದಕ್ಕೂ ಚಪ್ಪಾಳೆ ಬಿತ್ತು. ನಿಜ ಗೊತ್ತಿದ್ದವರು ಹೆಂಡತಿ ಜಯಲಕ್ಷ್ಮಿ ಒಬ್ಬರೇ ಎಂದು ಅವರು ನೆಮ್ಮದಿಯಾಗಿದ್ದರು.

ತೊಂಬತ್ತರ ಸುಮಾರಿಗೆ ಅಪ್ಪರ್ ಹಿಲ್‌ನಲ್ಲಿ ಆ ಅಧ್ಯಕ್ಷರ ಹೆಸರಿನ ಗ್ರಂಥಾಲಯ, ಅದಕ್ಕಂಟಿದ ಮ್ಯೂಸಿಯಂ ತೆರೆದವು. ಅದೇ ವಾರದ ಭಾನುವಾರ ಸಂಜೆ ಬಳಗದ ಹೊಸ ಅಧ್ಯಕ್ಷರ ಆಯ್ಕೆ. ಆ ಕುರ್ಚಿಯ ಮೇಲೆ ನರಸಿಂಹಯ್ಯನವರಿಗೆ ಬಹಳ ಕಾಲದಿಂದ ಕಣ್ಣಿತ್ತು. ಬೆಳಿಗ್ಗೆ ಮೇಲಿನ ಮನೆಯ ಲಾರೆನ್ಸ್ ಮೆಟ್ಟಿಲಿಳಿದು ಬಂದರು. ಮಂಗಳೂರಿನವರು, ಬಳಗದ ಕಾರ್ಯದರ್ಶಿ, ಖಾಯಂ ಫೋಟೋಗ್ರಾಫರ್.

"ಹೋಗಿ ನೋಡಿ ಬರುವ ಮಾರಾಯ್ರೆ. ಅಧ್ಯಕ್ಷರಿಗೆ ಬಂದ ಗಿಫ್ಟೆಲ್ಲ ಅಲ್ಲಿ ಇಟ್ಟಿದ್ದಾರಂತೆ. ನಿಮ್ಮ ಪೇಟ ಕಣ್ಣಾರೆ ಕಂಡರೆ ಸಂಜೆ ನಿಮ್ಮ ಹೆಸರು ನಾನೇ ಹೇಳ್ತೇನೆ."

"ಅಕಸ್ಮಾತ್ ಅಲ್ಲಿ ಇಟ್ಟಿಲ್ದಿದ್ರೆ?"

"ಇಷ್ಟಪಟ್ಟು ಹಾಕಿಕೊಂಡು ಹೋದವರು ಬಿಸಾಡ್ತಾರಾ? ಇರ್ಲಿಕ್ಕೇ ಬೇಕು. ನಾನು ಕಾರು ತೆಗೀತೇನೆ."

ಅವರು ಅತ್ತ ಹೋದದ್ದೇ ಜಯಲಕ್ಷ್ಮಿ ಗಂಡನ ಮುಖ ನೋಡಿದರು. "ಈಗೇನ್ಮಾಡ್ತೀರಿ?"

"ಪೇಟ ಅಲ್ಲಿರ್ಬೇಕು ತಾನೆ? ಇರತ್ತೆ." ನರಸಿಂಹಯ್ಯ ಪೇಟವನ್ನು ಹೆಂಡತಿಯ ಚೀಲಕ್ಕೆ, ಚಿತ್ರಾನ್ನದ ಡಬ್ಬಿಯ ಮೇಲೆ ಇಳಿಸಿದರು. "ಲಾರೆನ್ಸ್ ನೋಡಿದ್ಮೇಲೆ ಎತ್ಕೊಂಡು ಬಂದ್ಬಿಡ್ತೀನಿ. ಇಳಿಸೋದು ನಂಗೇನು ಹೊಸದಾ?"

ಲಾರೆನ್ಸ್ ಇಬ್ಬರನ್ನೂ ಬಾಗಿಲಲ್ಲಿಳಿಸಿ ಕಾರು ನಿಲ್ಲಿಸಲು ಹೋದರು. ಚೀಲ ಒಳಗೆ ಹೋಗುವಂತಿಲ್ಲ ಎಂದ ಕಾವಲುಗಾರ, ಅದರೊಳಗಿನ ಜರಿಯನ್ನು ನೋಡಿ ಬೆರಗಾದ.

"ಇದೇನು, ಮ್ಜೇ?" ಎಂದ, ಹಿರಿಯರನ್ನು ಕರೆಯುವ ಅಲ್ಲಿನ ರೀತಿಯಲ್ಲಿ.

"ನನ್ನ ಟೋಪಿ."

"ಸವಾ, ಸರಿ. ಟೋಪಿಯಾದರೆ ತಲೆ ಮೇಲೆ ಹಾಕಿಕೊಳ್ಳಿ."

ಸಫಾರಿ ಸೂಟಿನ ಮೇಲೆ ಮೈಸೂರು ಪೇಟ ತೊಟ್ಟು ನರಸಿಂಹಯ್ಯ ಒಳಗೆ ನಡೆದರು. ಚರ್ಚು ಮುಗಿಸಿ ಬಂದಿದ್ದ ಸಂಸಾರಗಳು ದಾರಿ ಬಿಟ್ಟವು. ಮುದುಕರೊಬ್ಬರು ಇವರು ಯಾವುದೋ ಸೀಮೆಯ ರಾಜರೆಂದು ತಮ್ಮ ಟೋಪಿ ತೆಗೆದು ತಲೆ ಬಾಗಿದರು. ಮರುನಮಸ್ಕಾರಕ್ಕೆ ಬಗ್ಗಿದರೆ ಪೇಟ ಬಿದ್ದೀತೆಂದು ನರಸಿಂಹಯ್ಯ ಸೆಟೆದೇ ಮುಂದೆ ಹೋದರು. ಅದು ಇನ್ನಷ್ಟು ರಾಜರಂತೆ ಕಂಡಿತು.

ಉಡುಗೊರೆಗಳ ಕೋಣೆಯಲ್ಲಿ ಗುರಾಣಿ, ನಗಾರಿ, ಬೆಳ್ಳಿಯ ತಟ್ಟೆಗಳು. ಕೊನೆಯ ಗೋಡೆಯ ಮೇಲೊಂದು ದೊಡ್ಡ ಫೋಟೋ: ಪೇಟ ತೊಟ್ಟು ನಗುತ್ತಿರುವ ಅಧ್ಯಕ್ಷರು, ಪಕ್ಕದಲ್ಲಿ ನರಸಿಂಹಯ್ಯನವರ ಒಂದು ಕಿವಿ ಮತ್ತು ಅರ್ಧ ಮೀಸೆ. ಕೆಳಗೆ ಬಾಗಿಲು ತೆರೆದ ಗಾಜಿನ ಪೆಟ್ಟಿಗೆ, ಖಾಲಿ. ಮೇಷ್ಟ್ರು ತಲೆಯಿಂದ ಪೇಟ ಇಳಿಸಿದರು. ಎಲ್ಲಿಯ ಮೈಸೂರು, ಎಲ್ಲಿಯ ನೈರೋಬಿ! ಪೇಟವನ್ನು ಒಳಗಿಟ್ಟಾಗ ಅದು ಅಲ್ಲೇ ಹುಟ್ಟಿ ಬೆಳೆದದ್ದರಂತೆ ಕೂತಿತು.

ಲಾರೆನ್ಸ್ ಬಂದು ಪೆಟ್ಟಿಗೆಯ ಹತ್ತಿರ ಬಗ್ಗಿ ನೋಡಿದರು. "ನಮ್ಮ ಊರಿನದ್ದು ಇಲ್ಲಿ ಉಂಟಲ್ಲ, ಎದೆ ತುಂಬಿತು ಮಾರಾಯ್ರೆ" ಎಂದರು. ಎಲ್ಲ ತಿಳಿದಿದ್ದ ಜಯಲಕ್ಷ್ಮಿಯೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಸುತ್ತ ಸೇರಿದವರಿಗೆ ನರಸಿಂಹಯ್ಯ ಒಡೆಯರ ಕಾಲದಿಂದ ಹಿಡಿದು ಜರಿಯಂಚಿನವರೆಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಿದರು. ಜನ ಚಪ್ಪಾಳೆ ತಟ್ಟಿದರು.

"ಇನ್ನು ಮಾತೇ ಇಲ್ಲ, ನೀವೇ ಅಧ್ಯಕ್ಷರು. ಸಂಜೆ ಬಳಗದ ಪೇಟ ತನ್ನಿ, ನಿಮ್ಮ ತಲೆಗೆ ನಾನೇ ಇಡ್ತೇನೆ" ಎಂದು ಲಾರೆನ್ಸ್ ಕಾರು ತರಲು ಹೊರಟರು.

ಜನ ಚದುರಿದ ಮೇಲೆ ನರಸಿಂಹಯ್ಯ ಪೆಟ್ಟಿಗೆಗೆ ಕೈ ಹಾಕಿದರು.

"ದಯವಿಟ್ಟು ಮುಟ್ಟಬೇಡಿ, ಸರ್." ಹಿಂದೆ ಮ್ಯೂಸಿಯಮ್ಮಿನ ಮುಖ್ಯಸ್ಥೆ ನಿಂತಿದ್ದರು. ಅವರ ಕಣ್ಣು ಫೋಟೋದಿಂದ ಪೇಟಕ್ಕೆ, ಪೇಟದಿಂದ ಫೋಟೋಕ್ಕೆ ಓಡಾಡಿತು. ತುರಾಯಿಯ ಬಳಿಯ ಸಣ್ಣ ಕಲೆಯೂ ಹೊಂದಿಕೆಯಾಯಿತು. "ಅದೇ ಪೇಟ. ಎಲ್ಲೆಲ್ಲೋ ಹುಡುಕಿಸಿದ್ದೆವು. ಸಿಕ್ಕೀತೆಂದೇ ಈ ಪೆಟ್ಟಿಗೆ ಖಾಲಿ ಇಟ್ಟಿದ್ದೆ." ಆಕೆ ಗಾಜಿನ ಬಾಗಿಲು ಮುಚ್ಚಿ ಬೀಗ ಹಾಕಿದರು. "ತಂದುಕೊಟ್ಟವರು ಯಾರು? ಅವರ ಹೆಸರನ್ನು ಇಲ್ಲೇ ಕೆತ್ತಿಸುತ್ತೇವೆ."

ಕೆತ್ತಿದ ಹೆಸರು ನರಸಿಂಹಯ್ಯನವರ ಕಣ್ಣ ಮುಂದೆ ಹೊಳೆಯಿತು. ಅಷ್ಟರಲ್ಲಿ ಬಾಗಿಲಲ್ಲಿ ಲಾರೆನ್ಸ್ ಕಾಣಿಸಿಕೊಂಡರು. ತಂದವನು ನಾನೇ ಎಂದರೆ ಸಂಜೆಯ ಕುರ್ಚಿ ಹೋಯಿತು.

"ನಂಗೆ ಗೊತ್ತಿಲ್ಲ, ಮೇಡಂ" ಎಂದರು.

ಸಂಜೆ ಲಾರೆನ್ಸ್ ಮಾತು ತಪ್ಪಲಿಲ್ಲ. ನರಸಿಂಹಯ್ಯನವರ ಹೆಸರು ಹೇಳಿದರು, ಸಭೆ ಒಮ್ಮತದಿಂದ ಒಪ್ಪಿತು. ಹೊಸ ಅಧ್ಯಕ್ಷರು ವೇದಿಕೆಯ ಮೇಲೆ ಕೂತರು. ಎಲ್ಲರೂ ಪೇಟಕ್ಕೆ ಕಾದರು.

"ಅದು... ಮನೇಲೇ ಮರೆತೆ" ಎಂದರು ನರಸಿಂಹಯ್ಯ.

"ಪರವಾಗಿಲ್ಲ" ಎಂದು ಲಾರೆನ್ಸ್ ಮೈಕಿಗೆ ಬಾಯಿಟ್ಟರು. "ಬಳಗದ ಪೇಟ ಹಳತಾಯಿತು. ಅಧ್ಯಕ್ಷರು ಈ ರಜೆಗೆ ಮೈಸೂರಿಗೆ ಹೋಗಿ ಸ್ವಂತ ಖರ್ಚಿನಲ್ಲಿ ಹೊಸದು ತರ್ತಾರೆ. ಎರಡನೇ ಸಲ."

ಚಪ್ಪಾಳೆಯ ನಡುವೆ ಅವರು ಬಗ್ಗಿ ನರಸಿಂಹಯ್ಯನವರ ಕಿವಿಯಲ್ಲಿ ಹೇಳಿದರು: "ಆ ದಿನ ಶಾಲೆಯಲ್ಲಿ ಜನರ ಹಿಂದೆ ನಿಂತು ನಾನು ಎರಡು ಫೋಟೋ ತೆಗೆದದ್ದು ಮಾರಾಯ್ರೆ. ನೀವು ಪೇಟ ಇಟ್ಟ ಫೋಟೋ ಮ್ಯೂಸಿಯಮ್ಮಿಗೆ ಕೊಟ್ಟೆ. ಇಳಿಸಿದ್ದು ಮನೆಯಲ್ಲೇ ಉಂಟು."

ನರಸಿಂಹಯ್ಯ ಬರಿದಲೆ ಸವರಿಕೊಳ್ಳುತ್ತ ಹೆಂಡತಿಯ ಪಕ್ಕ ಬಂದು ಕೂತರು. ಜಯಲಕ್ಷ್ಮಿ ಇನ್ನೂ ಹೆಮ್ಮೆಯಿಂದ ಚಪ್ಪಾಳೆ ತಟ್ಟುತ್ತಲೇ ಇದ್ದರು.

"ಅಂತೂ ಇಷ್ಟು ವರ್ಷ ನೀವು ಹೇಳಿದ್ದೆಲ್ಲ ನಿಜ ಆಯ್ತಲ್ರೀ" ಎಂದರು.