ಚುಚ್ಚಿದರಷ್ಟೇ ಉಣ್ಣೆ

ವರ್ಷದಲ್ಲಿ ಒಂಬತ್ತು ತಿಂಗಳು ಬೆವರುವ ರಾಯಚೂರಿನಲ್ಲಿ ಉಣ್ಣೆಬಟ್ಟೆ ಮಾರಿದವನು ನಾನು. ಎಪ್ಪತ್ತರ ದಶಕದಲ್ಲಿ ಅರಿವೆ ಅಂಗಡಿಯ ಗಲ್ಲೆಪೆಟ್ಟಿಗೆಯ ಪಕ್ಕ ನಿಂತವನಿಗೆ ಇಂಥ ಪ್ರಸಂಗಗಳು ವಾರಕ್ಕೊಂದಾದರೂ ಆಗುತ್ತಲೇ ಇದ್ದವು.

೧

ಮಾನ್ವಿಯ ಒಬ್ಬ ಮಾಸ್ತರರು ಬಂದು, ಉಲ್ಲನ್‌ಗೂ ವರ್ಸ್ಟೆಡ್‌ಗೂ ಏನು ಫರಕು ಎಂದು ಕೇಳಿದರು. ಕೇಳುವವರೇ ಇಲ್ಲದ ಊರಲ್ಲಿ ಒಬ್ಬರು ಕೇಳಿದರಲ್ಲ ಎಂದು ನನಗೆ ಹುರುಪು ಬಂತು. ಗಿಡ್ಡ ಎಳೆಗಳನ್ನು ಅಡ್ಡಾದಿಡ್ಡಿ ಸೇರಿಸಿ ಸಡಿಲಾಗಿ ನೂತದ್ದು ಉಲ್ಲನ್. ಅದು ದಪ್ಪ, ಜುಂಜು ಜುಂಜು, ಬೆಚ್ಚಗೆ. ಉದ್ದ ಎಳೆಗಳನ್ನು ಬಾಚಿ, ಒಂದೇ ಸಾಲಿಗೆ ತಂದು ಬಿಗಿಯಾಗಿ ಹೊಸೆದದ್ದು ವರ್ಸ್ಟೆಡ್. ಅದು ತೆಳು, ನುಣುಪು, ಇಸ್ತ್ರಿಯ ಗೆರೆ ಹಾಗೇ ನಿಲ್ಲುತ್ತದೆ. ಆರು ಥಾನು ಬಟ್ಟೆ ಬಿಚ್ಚಿ ತೋರಿಸಿದೆ. ಮಾಸ್ತರರು ಎಲ್ಲವನ್ನೂ ತಲೆದೂಗುತ್ತ ಕೇಳಿ, ಒಂದು ಲುಂಗಿ ತೊಗೊಂಡು ಹೋದರು.

೨

ಗಬ್ಬೂರಿನ ರೈತರೊಬ್ಬರು ಮಗಳ ಮದುವೆಯ ಬಟ್ಟೆಗೆ ಬಂದರು. ಅಳಿಯನ ಉಣ್ಣೆ ಸೂಟಿನ ಖರ್ಚು ಹೆಣ್ಣಿನವರದು, ಬಟ್ಟೆ ಆರಿಸುವ ಹಕ್ಕು ಗಂಡಿನವರದು. ಹಾಗಾಗಿ ಕಲ್ಲೂರಿನಿಂದ ವರನ ಸೋದರಮಾವ ಬಂದಿದ್ದರು. ಬೇಸಿಗೆಯ ಮದುವೆ ಎಂದು ನಾನು ತೆಳು ವರ್ಸ್ಟೆಡ್ ಹಾಸಿದೆ. ಸೋದರಮಾವ ಅದನ್ನು ಗಲ್ಲಕ್ಕೆ ಉಜ್ಜಿಕೊಂಡು ಮುಖ ಗಂಟಿಕ್ಕಿದರು.

"ಚುಚ್ಚಲಾರದ್ದು ಎಂಥ ಉಣ್ಣಿರಿ? ನಮ್ಮ ಮನಿ ಕಂಬಳಿ ಕುಂತರೂ ಚುಚ್ಚತದ, ನಿಂತರೂ ಚುಚ್ಚತದ."

ನಾನು ಒಂದು ಎಳೆ ಕಿತ್ತು ಸುಟ್ಟೆ. ಅಸಲಿ ಉಣ್ಣೆಗಷ್ಟೇ ಬರುವ, ಕೂದಲು ಸುಟ್ಟಂಥ ವಾಸನೆ ಅಂಗಡಿ ತುಂಬಿತು. ಮಾವ ಮೂಸಿ ನೋಡಿ, ವಾಸನೆಯನ್ನು ಮಿಲ್ಲಿನವರೇ ಬೆರೆಸಿದ್ದಾರೆ ಎಂದು ತೀರ್ಪು ಕೊಟ್ಟರು.

೩

ಖೋಟಾ ಉಣ್ಣೆಯಾದರೆ ಲಗ್ನವೇ ಬೇಡ ಎಂದುಬಿಟ್ಟರು ಮಾವ. ರೈತರು ನನ್ನನ್ನು ಪಕ್ಕಕ್ಕೆ ಕರೆದು, "ಅವರು ಹೇಳಿದ್ದs ಕೊಡ್ರಿ ಯಪ್ಪಾ, ನನ್ನ ಮಗಳ ಲಗ್ನ ನಿಲ್ಲಬಾರದು," ಎಂದರು. ಕಂಬಳಿಯ ತಮ್ಮನಂಥ ದಪ್ಪ ಉಲ್ಲನ್ ತೆಗೆದೆ. ಮಾವನ ಗಲ್ಲ ಕೆಂಪಾಯಿತು, ಮನಸ್ಸು ತುಂಬಿತು. ಆಗ ನಾನು ರೈತರಿಗೆ ಮೆಲ್ಲಗೆ ಹೇಳಿದೆ: ಆರಿಸಿದವರಿಗೂ ಇದೇ ಥಾನಿನಲ್ಲಿ ಒಂದು ಕೋಟು ಮಾಡಿಸಿ, ಮದುವೆಯ ಉಡುಗೊರೆ ಎಂದು ಆಯೇರಿ ಮಾಡಿ, ಮರ್ಯಾದೆ ಇರುತ್ತದೆ.

ಮೇ ತಿಂಗಳು, ಗಬ್ಬೂರು, ಮಧ್ಯಾಹ್ನದ ಮುಹೂರ್ತ. ರೈತರು ನನ್ನನ್ನೂ ಕರೆದಿದ್ದರು. ವರ ಗಂಟುಗಂಟಿನ ನಡುವೆ ಕತ್ತು ಕೆರೆದುಕೊಳ್ಳುತ್ತ ತಾಳಿ ಕಟ್ಟಿದ. ರೈತರು ಕಣ್ಣೊರೆಸಿಕೊಂಡರು. ಮುಂದಿನ ಸಾಲಿನಲ್ಲಿ ಮಾವ ಕೋಟು ತೊಟ್ಟು ಬೆಂದು ಕೂತಿದ್ದರು. ಆಯೇರಿಯ ಕೋಟನ್ನು ಬೀಗರೆದುರು ಬಿಚ್ಚುವಂತಿರಲಿಲ್ಲ. ಬಂದವರೆಲ್ಲ ಮುಟ್ಟಿ ಮುಟ್ಟಿ, ಇದು ಅಸಲಿ ಉಣ್ಣೆ ಎಂದು ಹೊಗಳಿ ಹೋಗುತ್ತಿದ್ದರು.

ಊಟಕ್ಕೆ ಏಳುವಾಗ ಮಾವ ನನ್ನನ್ನು ಸನ್ನೆ ಮಾಡಿ ಕರೆದು, ಕಿವಿಯಲ್ಲಿ ಕೇಳಿದರು: "ಆ ನುಣ್ಣನ ಅರಿವಿ ಇನ್ನೂ ಅದ ಏನ್ರಿ?"

"ಅದ ರೀ. ಆದರ ಅದು ಉಣ್ಣಿ ಅಲ್ಲಂತ ನೀವs ಅಂದಿದ್ರಲ್ರೀ."

"ಅದಕ್ಕs ಕೇಳಾಕತ್ತೀನ್ರಿ," ಎಂದರು.