ಅತ್ತೆಯ ತಂಬಿಗೆ, ಕಂಪನಿಯ ಡಬ್ಬಿ

ತನ್ನ ಮನೆಯ ಪಾತ್ರೆಗಳನ್ನು ತಾನೇ ಕದ್ದು ಊರಿಗೆ ಹಂಚಿದ ಕಳ್ಳನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ಮನೆಯಲ್ಲಿ ಉಂಡೂ ಇದ್ದೇನೆ. ಕೊನೆಕೊನೆಗೆ ಮುತ್ತಲ ಎಲೆಯ ಮೇಲೆ, ಏಕೆಂದರೆ ಊಟದ ಗಂಗಾಳಗಳೂ ಹೋಗಿದ್ದವು. ಆತ ನನ್ನ ಸೋದರಮಾವ.

ಎಪ್ಪತ್ತರ ದಶಕದ ಮಾತು. ಬಬಲೇಶ್ವರದಲ್ಲಿ ಮಾಮಾನದು ಬೀಜ, ಗೊಬ್ಬರದ ಅಂಗಡಿ. ಸಂತೆಯ ದಿನ ಮಿರ್ಚಿ, ಚುರಮುರಿ ಕಟ್ಟಿಸಿಕೊಂಡು ಆ ಅಂಗಡಿಯ ಕಟ್ಟೆಯ ಮೇಲೆ ಕೂಡ್ರುವ ಸುಖ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಪರದೇಶದ ಕಂಪನಿಯೊಂದರ 'ಎಣ್ಣಿ'ಯ ಏಜೆನ್ಸಿಯೂ ಅವನಲ್ಲಿತ್ತು. ಹತ್ತಿಯ ಹುಳಕ್ಕೆ ಹೊಡೆಯುವ ವಿಷಕ್ಕೆ ನಮ್ಮ ಕಡೆ ಅದೇ ಹೆಸರು. ಆದರೆ ಅದರ ಡಬ್ಬಿ ಎಂಥದ್ದು ಅಂತೀರಿ! ಹೊಳೆಯುವ ತಗಡು, ಬಿಗಿ ಮುಚ್ಚಳ, ಮೇಲೊಂದು ಹಿಡಿಕೆ. ಖಾಲಿಯಾದ ಮೇಲೆ ಬಿಸಾಡಲು ಯಾರಿಗೆ ಮನಸ್ಸು ಬಂದೀತು? ಜನ ಅದನ್ನು ತೊಳೆದು ಹೊಲಕ್ಕೆ ಕುಡಿಯುವ ನೀರು ಒಯ್ಯುತ್ತಿದ್ದರು.

'ಮರಳಿ ಬಳಸಬೇಡಿ, ಅಪಾಯ' ಎಂದು ಡಬ್ಬಿಯ ಮೇಲೆ ಇರಲಿಲ್ಲವೆ? ಇತ್ತು. ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಅದನ್ನು ಮಾಮಾನಿಗೆ ಓದಿ ಹೇಳಿದವನು ನಾನು, ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗ. ಟಿಕೋಟಾದಿಂದ ಬಸ್ಸಿನಲ್ಲಿ ಬರುವ ಅವ್ವನ ಬುತ್ತಿ ಉಂಡು, ಗೋಳಗುಮ್ಮಟದ ಹಿಂದಿನ ಬಾಡಿಗೆ ಕೋಣೆಯಲ್ಲಿ ಗಳಿಸಿದ ಇಂಗ್ಲಿಷು ಮೊದಲು ಕೆಲಸಕ್ಕೆ ಬಂದದ್ದು ಹೀಗೆ.

ಅಂದಿನಿಂದ ಮಾಮಾನಿಗೆ ಹುಚ್ಚು ಹಿಡಿಯಿತು. ಖಾಲಿ ಡಬ್ಬಿ ಎಲ್ಲಿ ಕಂಡರೂ ಕಾಡಿ ಬೇಡಿ ತರುವುದು, ಮೊಳೆ ಬಡಿದು ತೂತು ಹಾಕುವುದು, ಹುಗಿಯುವುದು.

"ಹಂಗಾರ ನೀರು ಯಾತರಾಗ ಒಯ್ಯೂನ್ರಿ, ಬೊಗಸ್ಯಾಗ?" ಎಂದಳು ಬಿಜ್ಜರಗಿಯ ಮುದುಕಿಯೊಬ್ಬಳು.

ಮಾತು ಖರೆ. ಮಾಮಾ ಮನೆಗೆ ಹೋಗಿ ಅತ್ತೆಯ ತಾಮ್ರದ ಚರಿಗೆ ತಂದುಕೊಟ್ಟ. ಮುಂದಿನ ಸಂತೆಗೆ ಆ ಮುದುಕಿಯ ಓಣಿಯೇ ಡಬ್ಬಿ ಹಿಡಿದುಕೊಂಡು ಬಂತು.

"ನಮ್ಮ ತವರಮನಿ ಭಾಂಡೆ ಅದಾವ್ರಿ ಅವು," ಎಂದಳು ಅತ್ತೆ. "ಇನ್ನೊಂದು ಹೋತಂದ್ರ ಡಬ್ಬಿಗಿ ಬದಲಿ ನಿಮ್ಮನ್ನ ಕೊಟ್ಟು ಕಳಸ್ತೀನಿ, ನೋಡ್ರಿ."

"ನಾ ಮೊದಲ ತೂತು ಬಿದ್ದ ಮಾಲು. ಯಾರ್ ತಗೋತಾರ?"

ಸುದ್ದಿ ಮುಂಬಯಿಯ ಕಚೇರಿಗೆ ಮುಟ್ಟಿ, ಕಂಪನಿಯ ಸಾಹೇಬರು ಜೀಪಿನಲ್ಲಿ ಬಂದರು. ಅವರ ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುವ ಕೆಲಸ ನನ್ನದು. ಅವರು ಹೇಳಿದ್ದು ಇಷ್ಟು: ಡಬ್ಬಿ ಮನೆಮನೆಯಲ್ಲಿ ಇದ್ದರೆ ಕಂಪನಿಯ ಹೆಸರು ಮನೆಮನೆಯಲ್ಲಿ ಇದ್ದ ಹಾಗೆ. ಆ ಹೆಸರಿಗೆ ಮೊಳೆ ಬಡಿಯುವುದೆಂದರೇನು? ಎಚ್ಚರಿಕೆ ಅಚ್ಚು ಹಾಕಿಸಿದೆವು, ನಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯಿತು. ಈ ಆಟ ನಿಲ್ಲದಿದ್ದರೆ ಏಜೆನ್ಸಿ ಹೋಗುತ್ತದೆ.

"ಆತು ಅನ್ನು," ಎಂದ ಮಾಮಾ. "ಬಿಸಲಾಗ ಬಂದಾರ, ಮೊದಲ ನೀರು ಕುಡೀಲಿ."

ಇನ್ನೂ ತೂತು ಬೀಳದ, ತೊಳೆದಿಟ್ಟಿದ್ದ ಡಬ್ಬಿಯೊಂದರಲ್ಲಿ ನೀರು ತುಂಬಿ ತಂದು ಮುಂದೆ ಹಿಡಿದ. ಸಾಹೇಬರು ಡಬ್ಬಿ ನೋಡಿದರು, ಮಾಮಾನನ್ನು ನೋಡಿದರು, ತಮಗೆ ನೀರಡಿಕೆ ಇಲ್ಲವೆಂದರು. ವೈಶಾಖದ ಮಧ್ಯಾಹ್ನ, ಬಬಲೇಶ್ವರದಲ್ಲಿ! ಹೋಗುವಾಗ ಏಜೆನ್ಸಿಯನ್ನೂ ಜೀಪಿನಲ್ಲಿ ಹಾಕಿಕೊಂಡು ಹೋದರು.

"ಕುಡದ ಬಿಟ್ಟಿದ್ರ ಏನ್ ಮಾಡ್ತಿದ್ದಿ ಮಾಮಾ?" ಎಂದು ನಾನು ಗಾಬರಿಯಿಂದ ಕೇಳಿದೆ.

"ಕುಡೀತಿದ್ದಿಲ್ಲೋ ಅಳಿಯಾ. ಅವರಿಗೆ ಇಂಗ್ಲಿಷ್ ಓದಾಕ ಬರತೈತಿ."

ಅವತ್ತು ಸಂಜೆ ಮೂವರೂ ಎಲೆಯ ಮುಂದೆ ಕೂತಿದ್ದೆವು. "ಏಜೆನ್ಸಿ ಹೋತು, ಇನ್ನರೆ ಹುಚ್ಚು ಬಿಡ್ತೈತಿ," ಎಂದು ಅತ್ತೆ ರೊಟ್ಟಿ ಹಾಕುತ್ತಿದ್ದಳು. ಬಾಗಿಲಲ್ಲಿ ಕುರಿ ಕಾಯುವವನೊಬ್ಬ ಬಂದು ನಿಂತ. ಕೈಯಲ್ಲಿ ಅದೇ ಹೊಳೆಯುವ ಡಬ್ಬಿ.

"ಕೂಸಿಗೆ ಇದರಾಗ ಹಾಲು ಒಯ್ತಿದ್ನಿರಿ. ಇಲ್ಲಿ ಬದಲಿ ಕೊಡ್ತಾರಂತ ಅಂದ್ರು."

ಮಾಮಾ ಎದ್ದು ನಿಂತ. ಕೊಡಲು ಮನೆಯಲ್ಲಿ ಉಳಿದದ್ದು ನಮ್ಮ ನಡುವಿನ ನೀರಿನ ತಂಬಿಗೆ ಒಂದೇ. ಮದುವೆಯಲ್ಲಿ ಬಂದದ್ದು, ಅದರ ಮೇಲೆ ಅತ್ತೆಯ ಅಪ್ಪನ ಹೆಸರು ಕೊರೆದಿತ್ತು. ಅದನ್ನು ಮುಟ್ಟುವ ಧೈರ್ಯ ಆ ಕಳ್ಳನಿಗೂ ಬರಲಿಲ್ಲ. ಅತ್ತೆಯ ಮುಖ ನೋಡಿದ.

ಅತ್ತೆ ಬೈಯುತ್ತಲೇ ಎದ್ದಳು. ತಂಬಿಗೆಯ ನೀರನ್ನು ತುಳಸಿಗೆ ಹಾಕಿದಳು. ಸೆರಗಿನಿಂದ ಒರೆಸುವಾಗ ಆ ಹೆಸರಿನ ಹತ್ತಿರ ಅವಳ ಕೈ ಸ್ವಲ್ಪ ತಡೆಯಿತು. ಆಮೇಲೆ ಕುರಿಯವನಿಗೆ ಕೊಟ್ಟು, ಡಬ್ಬಿ ಇಸಿದುಕೊಂಡು, ಮಾಮಾನ ಮುಂದೆ ಕೈ ಚಾಚಿದಳು.

"ಆ ಮೊಳಿ ಕೊಡ್ರಿ ಇಲ್ಲೆ. ಇದಕ್ಕ ನಾ ಬಡೀತೀನಿ."